ಗೋಪುರದ ತುದಿಯ ತಾಮ್ರದ ಹುಂಜ

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಹೊರತರುವ ಸಂಚಿಕೆಗಳಲ್ಲಿ ಅದನ್ನು ಕಟ್ಟಿಸಿದ ಧರ್ಮಾಧ್ಯಕ್ಷರ, ಧರ್ಮಗುರುಗಳ ಹಾಗೂ ದಾನಿಗಳ ಹೆಸರುಗಳು ಭಾವಚಿತ್ರ ಸಹಿತ ಅಚ್ಚಾಗುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಕಲ್ಲು ಕೆತ್ತಿದವನ, ಮರ ಕೊಯ್ದವನ, ಲೋಹದ ತಗಡನ್ನು ಕತ್ತರಿಸಿ ಆಕಾರ ಕೊಟ್ಟವನ ಹೆಸರು ಅಂಥ ಪುಟಗಳಲ್ಲಿ ಕಾಣಸಿಗುವುದು ವಿರಳ. ಈ ಕೊರತೆ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಕ್ರೈಸ್ತ ಜಗತ್ತಿನ ಅತಿ ಪ್ರಾಚೀನ ದೇವಾಲಯಗಳ ಚರಿತ್ರೆಯಲ್ಲಿಯೂ ಹೀಗೆಯೇ ಆಗಿದೆ. ಇದಕ್ಕೆ ನಿದರ್ಶನವಾಗಿ, ಯೂರೋಪಿನ ದೇವಾಲಯಗಳ ಗೋಪುರದ ತುತ್ತತುದಿಯಲ್ಲಿ ನಿಂತು ಗಾಳಿಯ ದಿಕ್ಕನ್ನು ತೋರಿಸುವ ತಾಮ್ರದ ಹುಂಜದ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಕಡೆಯ ದೇವಾಲಯಗಳ ನೆತ್ತಿಯ ಮೇಲೆ ಸಾಮಾನ್ಯವಾಗಿ ಶಿಲುಬೆಯೊಂದೇ ಇರುತ್ತದೆ. ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಾದರೋ ಆ ಶಿಲುಬೆಗೂ ಮೇಲೆ, ಕಬ್ಬಿಣದ ಸರಳಿನ ತುದಿಯಲ್ಲಿ, ಲೋಹದಿಂದ ಮಾಡಿದ ಹುಂಜವೊಂದು ನಿಂತಿರುವುದನ್ನು ಅನೇಕ ಊರುಗಳಲ್ಲಿ ಕಾಣಬಹುದು. ಗಾಳಿ ಬೀಸಿದಾಗ ಅದು ಸರಳಿನ ಮೇಲೆ ತಿರುಗಿ, ಗಾಳಿ ಬರುವ ದಿಕ್ಕಿಗೆ ಮುಖಮಾಡಿ ನಿಲ್ಲುತ್ತದೆ. ಇದನ್ನು ನಾವು ಗಾಳಿಹುಂಜವೆಂದು ಕರೆಯಬಹುದು. ಕೆಳಗಿನಿಂದ ನೋಡುವವನಿಗೆ ಅದು ಅಂಗೈಯಗಲದ ಆಟಿಕೆಯಂತೆ ತೋರುತ್ತದೆ. ಇಳಿಸಿ ನೋಡಿದರೆ ಮಗುವಿನೆತ್ತರಕ್ಕೂ ಮಿಕ್ಕಿರುವುದುಂಟು.

ಹುಂಜವು ಗೋಪುರವನ್ನೇರಿದ ಬಗೆ

ಗಾಳಿಯ ದಿಕ್ಕನ್ನು ತೋರಿಸಲು ಲೋಹದ ಆಕೃತಿಯನ್ನು ಎತ್ತರದಲ್ಲಿ ನಿಲ್ಲಿಸುವ ರೂಢಿ ಕ್ರೈಸ್ತ ಧರ್ಮಕ್ಕಿಂತ ಹಳೆಯದು. ಗ್ರೀಸಿನ ಅಥೆನ್ಸ್ ನಗರದಲ್ಲಿ ಆಂದ್ರೋನಿಕಸ್ ಎಂಬವನು ಕಟ್ಟಿಸಿದ ಎಂಟು ಮೂಲೆಗಳ ಅಮೃತಶಿಲೆಯ ಗೋಪುರ ಇಂದಿಗೂ ನಿಂತಿದೆ. ಅದರ ಎಂಟು ಮುಖಗಳ ಮೇಲೆ ಎಂಟು ದಿಕ್ಕಿನ ಗಾಳಿಗಳನ್ನು ದೇವತಾರೂಪದಲ್ಲಿ ಕೆತ್ತಲಾಗಿದೆ. ಅದರ ತುದಿಯಲ್ಲಿ ಅರ್ಧ ಮನುಷ್ಯ, ಅರ್ಧ ಮೀನಾದ ಟ್ರೈಟನ್ ಎಂಬ ಸಮುದ್ರದೇವತೆಯ ಕಂಚಿನ ವಿಗ್ರಹವು ಕೈಯಲ್ಲಿ ಕೋಲು ಹಿಡಿದು, ಬೀಸುವ ಗಾಳಿಯ ಚಿತ್ರವನ್ನು ಆ ಕೋಲಿನಿಂದ ತೋರಿಸುತ್ತ ತಿರುಗುತ್ತಿತ್ತೆಂದು ರೋಮನ್ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸ್ ಬರೆದಿದ್ದಾನೆ.

ಟ್ರೈಟನ್ನನ ಸ್ಥಾನಕ್ಕೆ ಹುಂಜ ಬಂದುದು ಸಂತ ಪೇತ್ರರ ಕಥೆಯಿಂದ. ಕೋಳಿ ಕೂಗುವ ಮುನ್ನ ಮೂರು ಬಾರಿ ನನ್ನನ್ನು ನಿರಾಕರಿಸುವೆ ಎಂದು ಯೇಸುಸ್ವಾಮಿ ಪೇತ್ರರಿಗೆ ಹೇಳಿದ ಪ್ರಸಂಗವು ನಾಲ್ಕು ಶುಭಸಂದೇಶಗಳಲ್ಲಿಯೂ ಇದೆ. ಸಂತ ಮಾರ್ಕರ ಶುಭಸಂದೇಶದಲ್ಲಿ ಮಾತ್ರ ಕೋಳಿ ಎರಡು ಸಲ ಕೂಗುತ್ತದೆ. ಪೇತ್ರರ ಪತನಕ್ಕೆ ಸಾಕ್ಷಿಯಾದ ಆ ಕೂಗೇ ಅವರ ಪಶ್ಚಾತ್ತಾಪಕ್ಕೂ ಕಾರಣವಾಯಿತು. ಆದುದರಿಂದ ಹುಂಜವು ಎಚ್ಚರಿಕೆಯ, ಮರಳಿ ಏಳುವಿಕೆಯ ಹಾಗೂ ಕತ್ತಲನ್ನು ಕಳೆಯುವ ಬೆಳಕಿನ ಸಂಕೇತವಾಯಿತು. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರು ಕೋಳಿ ಕೂಗುವ ವೇಳೆಯ ಪ್ರಾರ್ಥನೆಗಾಗಿ ಸ್ತೋತ್ರವೊಂದನ್ನು ರಚಿಸಿದರು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ನಂಬಿದ ಅಜ್ಜಿಯ ಕಥೆಯನ್ನು ಹೇಳಿ ನಾವು ನಗುತ್ತೇವೆ. ಅಂಬ್ರೋಸರ ಕಾಲದ ಭಕ್ತರಿಗೆ ಕೋಳಿಯ ಕೂಗು ನಗುವ ವಿಷಯವಾಗಿರಲಿಲ್ಲ. ಕತ್ತಲಲ್ಲಿ ದಾರಿ ನಡೆಯುವವನಿಗೂ ಕಡಲ ಮೇಲಿರುವವನಿಗೂ ಅದು ಧೈರ್ಯದ ದನಿಯಾಗಿತ್ತು.

ಇಂದಿಗೂ ಉಳಿದಿರುವ ಗಾಳಿಹುಂಜಗಳಲ್ಲಿ ಅತ್ಯಂತ ಪ್ರಾಚೀನವೆಂದು ಪ್ರಸಿದ್ಧವಾದುದು ಇಟಲಿಯ ಬ್ರೆಶಿಯಾ ನಗರದಲ್ಲಿದೆ. ಒಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿನ ಧರ್ಮಾಧ್ಯಕ್ಷರಾಗಿದ್ದ ರಂಪೆರ್ತೊ ಅವರು ಇದನ್ನು ಮಾಡಿಸಿದರು. ತಾಮ್ರದ ತಗಡನ್ನು ಬಡಿದು ಮಾಡಿದ ಈ ಹುಂಜವು ಸುಮಾರು ಸಾವಿರ ವರ್ಷಗಳ ಕಾಲ ಸಂತ ಫೌಸ್ತಿನೊ ದೇವಾಲಯದ ಗಂಟೆಗೋಪುರದ ಮೇಲಿದ್ದು ಬಿಸಿಲು, ಮಳೆ, ಹಿಮ, ಸಿಡಿಲುಗಳನ್ನು ಸಹಿಸಿ, ಈಗ ಅದೇ ನಗರದ ಸಾಂತಾ ಜೂಲಿಯಾ ವಸ್ತುಸಂಗ್ರಹಾಲಯದಲ್ಲಿ ವಿಶ್ರಮಿಸುತ್ತಿದೆ. ೮೫೮ರಿಂದ ೮೬೭ರವರೆಗೆ ಜಗದ್ಗುರುಗಳಾಗಿದ್ದ ಪೋಪ್ ಮೊದಲನೆಯ ನಿಕೊಲಾಸರು ಎಲ್ಲ ದೇವಾಲಯಗಳ ಮೇಲೂ ಹುಂಜವಿರಬೇಕೆಂದು ಆಜ್ಞಾಪಿಸಿದರೆಂಬ ಪ್ರತೀತಿಯೊಂದುಂಟು. ಬ್ರೆಶಿಯಾದ ಹುಂಜವು ಅದಕ್ಕೂ ಮೊದಲಿನದು. ಆಜ್ಞೆಗೆ ಮೊದಲೇ ಭಕ್ತಿಯೂ ಕೈಗಾರಿಕೆಯೂ ಸೇರಿ ಈ ಪದ್ಧತಿಯನ್ನು ಹುಟ್ಟುಹಾಕಿದ್ದವೆಂಬುದಕ್ಕೆ ಈ ಒಂದು ಸಾಕ್ಷಿ ಸಾಕು.

ಇಂಗ್ಲೆಂಡಿನ ವಿಂಚೆಸ್ಟರಿನ ಪ್ರಾಚೀನ ದೇವಾಲಯದ ಗೋಪುರದ ಮೇಲೆ ಹೊಳೆಯುತ್ತಿದ್ದ ಬಂಗಾರದ ಹುಂಜವನ್ನು ಹತ್ತನೆಯ ಶತಮಾನದ ಕೊನೆಯಲ್ಲಿ ವುಲ್ಫ್‌ಸ್ಟನ್ ಎಂಬ ಸಂನ್ಯಾಸಿ ತನ್ನ ಲತೀನ್ ಕಾವ್ಯದಲ್ಲಿ ವರ್ಣಿಸಿದ್ದಾನೆ. ಇದಾದ ನೂರು ವರ್ಷದೊಳಗೆ ಬಟ್ಟೆಯ ಮೇಲೆ ಬಣ್ಣದ ಉಣ್ಣೆ ನೂಲಿನಿಂದ ಕಸೂತಿ ಮಾಡಿದ, ಸುಮಾರು ೭೦ ಮೀಟರ್ ಉದ್ದದ ಚಿತ್ರಪಟವೊಂದು ಸಿದ್ಧವಾಯಿತು. ಅದು ಫ್ರಾನ್ಸಿನ ಬಾಯೊ ಪಟ್ಟಣದ ಹೆಸರಿನಿಂದ ಲೋಕಪ್ರಸಿದ್ಧವಾಗಿದೆ. ೧೦೬೫ರ ಡಿಸೆಂಬರ್ ೨೮ರಂದು ಪ್ರತಿಷ್ಠೆಗೊಂಡ ವೆಸ್ಟ್‌ಮಿನ್‌ಸ್ಟರಿನ ಸಂತ ಪೇತ್ರರ ದೇವಾಲಯವನ್ನೂ, ಕೆಲವೇ ದಿನಗಳ ಬಳಿಕ ತೀರಿಕೊಂಡ ಎಡ್ವರ್ಡ್ ದೊರೆಯ ಶವಯಾತ್ರೆಯನ್ನೂ ಆ ಪಟದಲ್ಲಿ ಕಾಣಬಹುದು. ದೇವಾಲಯದ ಅಂಚಿನಲ್ಲಿ ಒಬ್ಬ ಆಳು ಮೇಲೇರಿ, ತುದಿಯಲ್ಲಿ ಹುಂಜವನ್ನು ನಿಲ್ಲಿಸುತ್ತಿದ್ದಾನೆ. ಮೋಡದಿಂದ ದೇವರ ಹಸ್ತವು ಇಳಿದು ಆ ಆಲಯವನ್ನು ಹರಸುತ್ತಿದೆ. ದೊರೆಯ ಹೆಸರನ್ನೂ ಸಂತರ ಹೆಸರನ್ನೂ ಮೇಲೆ ಬರೆಯಲಾಗಿದೆ. ಹುಂಜವನ್ನು ಹಿಡಿದವನಿಗೆ ಮಾತ್ರ ಹೆಸರಿಲ್ಲ. ಒಂಬತ್ತು ಶತಮಾನಗಳಿಗೂ ಮಿಕ್ಕಿ ಆತನು ಹಾಗೆಯೇ ಅನಾಮಧೇಯನಾಗಿ, ಕೈಯೆತ್ತಿಕೊಂಡು ನಿಂತಿದ್ದಾನೆ.

ಕಾರ್ಯಶಾಲೆಯ ಒಳಗೆ

ಇಂಥ ಆಕೃತಿಗಳನ್ನು ಮಾಡುತ್ತಿದ್ದ ಕೈಗಳ ಪರಿಚಯವನ್ನು ನಮಗೆ ಮಾಡಿಕೊಡುವ ಗ್ರಂಥವೊಂದು ಅದೃಷ್ಟವಶಾತ್ ಉಳಿದು ಬಂದಿದೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಥಿಯೊಫಿಲಸ್ ಎಂಬ ಹೆಸರಿನಿಂದ ಬರೆದ ಸಂನ್ಯಾಸಿಯೊಬ್ಬನು ವಿವಿಧ ಕಲೆಗಳನ್ನು ಕುರಿತ ಮೂರು ಸಂಪುಟಗಳನ್ನು ಲತೀನಿನಲ್ಲಿ ರಚಿಸಿದನು. ಮೊದಲನೆಯದು ಬಣ್ಣಗಳನ್ನು, ಎರಡನೆಯದು ಗಾಜನ್ನು, ಎಲ್ಲಕ್ಕಿಂತ ದೀರ್ಘವಾದ ಮೂರನೆಯದು ಲೋಹಗಳನ್ನು ಕುರಿತದ್ದು. ಕುಶಲಕರ್ಮಿಯ ಕೆಲಸವು ಪವಿತ್ರಾತ್ಮರ ಏಳು ವರಗಳಿಂದಲೇ ಸಾಧ್ಯವಾಗುವುದೆಂದು ಆತನು ಆ ಸಂಪುಟದ ಪೀಠಿಕೆಯಲ್ಲಿ ವಿವರಿಸುತ್ತಾನೆ. ಆದರೆ ಅಷ್ಟಕ್ಕೇ ನಿಲ್ಲದೆ, ಕಾರ್ಯಶಾಲೆಯು ಪೂರ್ವದ ಕಡೆಗೆ ಉದ್ದವಾಗಿರಬೇಕು, ದಕ್ಷಿಣದ ಗೋಡೆಯಲ್ಲಿ ಬೆಳಕಿಗಾಗಿ ಕಿಟಕಿಗಳಿರಬೇಕು ಎಂಬುದರಿಂದ ತೊಡಗಿ, ಕುಲುಮೆ, ತಿದಿ, ಅಡಿಗಲ್ಲು, ಸುತ್ತಿಗೆ, ಇಕ್ಕಳ, ಉಳಿ, ಅರ ಇವುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಧ್ಯಾನಮಂದಿರದಲ್ಲಿ ಕಲಿತದ್ದಕ್ಕೂ ಕುಲುಮೆಯ ಮುಂದೆ ಕಲಿತದ್ದಕ್ಕೂ ಆತನು ಭೇದವೆಣಿಸಲಿಲ್ಲ.

ತೆಳುವಾದ ತಾಮ್ರದ ತಗಡಿನಲ್ಲಿ ಚಿತ್ರವನ್ನು ಗೀಚಿ, ಚಿತ್ರವನ್ನುಳಿಸಿ ಸುತ್ತಲಿನ ನೆಲವನ್ನು ಸಣ್ಣ ಉಳಿಗಳಿಂದ ಕತ್ತರಿಸಿ ತೆಗೆದು, ಅಂಚುಗಳನ್ನು ಅರದಿಂದ ಉಜ್ಜಿ ನಯಗೊಳಿಸುವ ವಿಧಾನಕ್ಕೆ ಆತನು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಇಂಥ ಕೊರೆತದ ಕೆಲಸಕ್ಕೆ ಉತ್ತಮ ಮಾದರಿಯಾಗಿ ಸ್ವೀಡನ್ ದೇಶದ ಸೋಡೆರಾಲ ಎಂಬ ಊರಿನ ದೇವಾಲಯದಿಂದ ದೊರೆತ ಹನ್ನೊಂದನೆಯ ಶತಮಾನದ ಗಾಳಿಪಟ್ಟಿಕೆಯೊಂದನ್ನು ನೋಡಬಹುದು. ಬಂಗಾರದ ಲೇಪವಿರುವ ಆ ತಗಡಿನಲ್ಲಿ ಬಳ್ಳಿಯಂತೆ ಸುತ್ತಿಕೊಂಡ ಘಟಸರ್ಪವನ್ನು ಕೊರೆಯಲಾಗಿದೆ. ವೈಕಿಂಗ್ ನಾವಿಕರ ಹಡಗುಗಳ ಮೇಲೆ ಇಂಥ ಪಟ್ಟಿಕೆಗಳಿರುತ್ತಿದ್ದವು. ಆ ಜನರು ಕ್ರೈಸ್ತರಾದ ಮೇಲೆ ಅವು ದೇವಾಲಯಗಳ ಶಿಖರವನ್ನೇರಿದವು. ಸಮುದ್ರದಲ್ಲಿ ಲೂಟಿಗೆ ದಾರಿ ತೋರಿಸಿದ ಲೋಹವೇ ದೇವರ ಮನೆಗೆ ಭೂಷಣವಾದುದು ಸ್ವಾರಸ್ಯಕರವಾದ ಸಂಗತಿ.

ಗಾಳಿಹುಂಜವನ್ನು ಮಾಡುವ ಕ್ರಮದ ಮೂಲತತ್ತ್ವಗಳು ಅಂದಿನಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ. ಮೊದಲು ಹುಂಜದ ಪೂರ್ಣಗಾತ್ರದ ನಕ್ಷೆಯನ್ನು ಬರೆಯಬೇಕು. ಕೆಳಗಿನಿಂದ ನೋಡುವವನಿಗೆ ಸಣ್ಣ ಸಣ್ಣ ವಿವರಗಳು ಕಾಣವು; ಆಕಾಶದ ಬೆಳಕಿಗೆ ಎದುರಾಗಿ ನಿಂತ ಹುಂಜವು ಬರಿಯ ಕಪ್ಪು ನೆರಳಾಗಿ ತೋರುತ್ತದೆ. ಆದುದರಿಂದ ಜುಟ್ಟು, ಕೊಕ್ಕು, ಬಾಲಗಳ ಹೊರಗೆರೆ ಸ್ಪಷ್ಟವಾಗಿಯೂ ತುಸು ಅತಿಶಯವಾಗಿಯೂ ಇರಬೇಕು. ಹತ್ತಿರದಿಂದ ನೋಡಿದಾಗ ದಪ್ಪನೆಯ ಜುಟ್ಟು ವಿಕಾರವೆನಿಸಿದರೂ ಎತ್ತರದಲ್ಲಿ ಅದೇ ಹುಂಜಕ್ಕೆ ಲಕ್ಷಣವನ್ನು ಕೊಡುತ್ತದೆ.

ನಕ್ಷೆಯನ್ನು ತಗಡಿನ ಮೇಲಿಟ್ಟು ಮೊನಚಾದ ಉಕ್ಕಿನ ಕಡ್ಡಿಯಿಂದ ಗೆರೆ ಎಳೆಯುತ್ತಾರೆ. ಕತ್ತರಿಸುವಾಗ ಗೆರೆಯ ಮೇಲೆ ಕತ್ತರಿ ಹಾಕಬಾರದು. ಕೂದಲೆಳೆಯಷ್ಟು ಹೊರಗೆ ಕತ್ತರಿಸಬೇಕು. ಉಳಿದ ಅಂಚನ್ನು ಅರ ತಿಂದು ಗೆರೆಗೆ ತರುತ್ತದೆ. ಒಳಗೆ ಕತ್ತರಿಸಿದ ಲೋಹವನ್ನು ಮತ್ತೆ ಸೇರಿಸಲು ಬಾರದೆಂಬುದು ಈ ಕಸುಬಿನಲ್ಲಿ ಶಿಷ್ಯನು ಕಲಿಯುವ ಮೊದಲ ಪಾಠ. ನೇರವಾದ ಅಂಚುಗಳಿಗೆ ಕತ್ತರಿ ಸಾಕು. ಬಾಲದ ಗರಿಗಳ ನಡುವಣ ಸಂದುಗಳಿಗೂ ಕಣ್ಣಿನ ರಂಧ್ರಕ್ಕೂ ಹಿಂದೆ ಉಳಿಯನ್ನು, ಮುಂದಿನ ಶತಮಾನಗಳಲ್ಲಿ ಚೌಕಟ್ಟಿಗೆ ಬಿಗಿದ ಸಣ್ಣ ಗರಗಸವನ್ನು ಬಳಸತೊಡಗಿದರು. ಒಳಗಿನ ಸಂದಿಗೆ ಮೊದಲು ತೂತು ಕೊರೆದು, ಗರಗಸದ ಎಳೆಯನ್ನು ಅದರೊಳಗೆ ತೂರಿಸಿ ಮತ್ತೆ ಚೌಕಟ್ಟಿಗೆ ಬಿಗಿಯಬೇಕು. ಹಲ್ಲುಗಳು ಹಿಡಿಯ ಕಡೆಗೆ ಮುಖಮಾಡಿರುವುದರಿಂದ ಕೆಳಗೆ ಎಳೆದಾಗ ಮಾತ್ರ ಅದು ಕೊಯ್ಯುತ್ತದೆ. ಎಳೆಗೆ ಮೇಣವನ್ನು ಸವರುತ್ತಾರೆ. ಏಕೆಂದರೆ ತಾಮ್ರವು ಮೃದುವಾದ, ಅಂಟುವ ಗುಣದ ಲೋಹ. ತಿರುವಿನಲ್ಲಿ ಕೈಯನ್ನು ಬಲವಾಗಿ ತಿರುಗಿಸಿದರೆ ಎಳೆ ತುಂಡಾಗುತ್ತದೆ. ಗರಗಸವನ್ನು ಮುಂದೂಡದೆ, ಇದ್ದಲ್ಲಿಯೇ ಮೇಲೆ ಕೆಳಗೆ ಆಡಿಸುತ್ತ ನಿಧಾನವಾಗಿ ತಿರುಗಿಸಬೇಕು. ಆತುರಗಾರನಿಗೆ ಈ ಕೆಲಸ ಒಗ್ಗದು.

ದೇಹಕ್ಕೆ ಉಬ್ಬು ಕೊಡಬೇಕಾದರೆ ತಗಡನ್ನು ಬಡಿಯಬೇಕು. ತಾಮ್ರಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಬಡಿದಷ್ಟೂ ಅದು ಗಡುಸಾಗುತ್ತದೆ. ಗಡುಸಾದ ಮೇಲೂ ಬಡಿದರೆ ಬಿರಿಯುತ್ತದೆ. ಆದುದರಿಂದ ಆಗಾಗ್ಗೆ ಅದನ್ನು ಮಂದವಾದ ಕೆಂಪು ಬಣ್ಣ ಬರುವಂತೆ ಕಾಯಿಸಿ ಹದಗೊಳಿಸಬೇಕು. ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುವುದು ಎಲ್ಲರಿಗೂ ತಿಳಿದ ವಿಷಯ. ಕಾದ ತಾಮ್ರವನ್ನು ನೀರಿಗೆ ಅದ್ದಿದರೆ ಅದು ಮೃದುವಾಗಿಯೇ ಉಳಿಯುತ್ತದೆ. ಅರಗು ತುಂಬಿದ ತಟ್ಟೆಯ ಮೇಲೋ ಮರಳುಚೀಲದ ಮೇಲೋ ತಗಡನ್ನಿಟ್ಟು ಹಿಂಬದಿಯಿಂದ ಬಡಿದು ಎದೆಯನ್ನೂ ರೆಕ್ಕೆಯನ್ನೂ ಉಬ್ಬಿಸುತ್ತಾರೆ. ಎಡ ಬಲಗಳ ಎರಡು ಅರ್ಧಗಳನ್ನು ಹೀಗೆ ಸಿದ್ಧಪಡಿಸಿ ಬೆಸುಗೆಯಿಂದ ಅಥವಾ ರಿವಿಟುಗಳಿಂದ ಕೂಡಿಸುತ್ತಾರೆ. ಹುಂಜದ ಹೊಟ್ಟೆ ಟೊಳ್ಳಾಗಿ ಉಳಿಯುತ್ತದೆ. ಈ ಟೊಳ್ಳು ಭಾಗವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ಪ್ರಯೋಜನವನ್ನು ಮುಂದೆ ಕಾಣಲಿದ್ದೇವೆ.

ಅಂಚುಗಳನ್ನು ಒರಟಾದ ಅರದಿಂದ, ಆಮೇಲೆ ನಯವಾದ ಅರದಿಂದ ಉಜ್ಜಿ, ಕೈಗೆ ತಾಗುವ ಮುಳ್ಳುಗಳನ್ನೆಲ್ಲ ತೆಗೆಯುತ್ತಾರೆ. ಕೊನೆಯದಾಗಿ ಬಂಗಾರ. ಪ್ರಾಚೀನರು ಚಿನ್ನವನ್ನು ಪಾದರಸದಲ್ಲಿ ಕಲಸಿ ತಾಮ್ರದ ಮೇಲೆ ಸವರಿ, ಬೆಂಕಿಯಲ್ಲಿ ಪಾದರಸವನ್ನು ಆವಿಯಾಗಿಸುತ್ತಿದ್ದರು. ಚಿನ್ನ ಉಳಿಯುತ್ತಿತ್ತು, ಆವಿಯು ಕೆಲಸಗಾರನ ದೇಹವನ್ನು ಸೇರುತ್ತಿತ್ತು. ಹಸಿದ ಹೊಟ್ಟೆಯಲ್ಲಿ ಈ ಕೆಲಸ ಮಾಡಬೇಡಿ, ಪಾದರಸದ ಹೊಗೆ ಅಪಾಯಕಾರಿ ಎಂದು ಥಿಯೊಫಿಲಸನೇ ಎಚ್ಚರಿಸಿ, ಮೆಣಸು, ಬೆಳ್ಳುಳ್ಳಿ, ದ್ರಾಕ್ಷಾರಸ ಮೊದಲಾದವನ್ನು ಮದ್ದಾಗಿ ಹೇಳಿದ್ದಾನೆ. ಆ ವಿಷಕ್ಕೆ ಅವು ಮದ್ದಲ್ಲವೆಂದು ಇಂದು ನಾವು ಬಲ್ಲೆವು. ದೇವಾಲಯದ ತುದಿಯಲ್ಲಿ ಹೊಳೆದ ಬಂಗಾರಕ್ಕೆ ಎಷ್ಟು ಮಂದಿ ತಮ್ಮ ಉಸಿರನ್ನು ತೆತ್ತರೋ ಅದನ್ನು ಯಾರೂ ಲೆಕ್ಕವಿಡಲಿಲ್ಲ. ಈಗಿನ ಕುಶಲಕರ್ಮಿಗಳು ಹೆಚ್ಚಾಗಿ ಎಣ್ಣೆಯ ಅಂಟನ್ನು ಹಚ್ಚಿ, ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಚಿನ್ನದ ರೇಕನ್ನು ಕೂಡಿಸುತ್ತಾರೆ.

ಅಂದವೇ ಕೆಲಸ ಮಾಡುವ ಬಗೆ

ಇಷ್ಟಾದ ಮಾತ್ರಕ್ಕೆ ಹುಂಜವು ಗಾಳಿಹುಂಜವಾಗದು. ಅದು ಸುಳ್ಳು ಹೇಳದಂತೆ ನೋಡಿಕೊಳ್ಳಬೇಕು. ಅದು ತಿರುಗುವ ಅಚ್ಚಿನ ಹಿಂದಿರುವ ಭಾಗ ವಿಶಾಲವಾಗಿಯೂ ಮುಂದಿರುವ ಭಾಗ ಕಿರಿದಾಗಿಯೂ ಇದ್ದರೆ ಮಾತ್ರ ಗಾಳಿಯು ಬಾಲವನ್ನು ಹಿಂದಕ್ಕೆ ತಳ್ಳಿ ಕೊಕ್ಕನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಎರಡೂ ಕಡೆ ಸಮವಾದರೆ ಹುಂಜವು ದಿಕ್ಕುಗಾಣದೆ ಅಲೆದಾಡುತ್ತದೆ. ಆದರೆ ತೂಕದಲ್ಲಿ ಮಾತ್ರ ಎರಡೂ ಕಡೆ ಸಮವಾಗಿರಬೇಕು. ಇಲ್ಲವಾದರೆ ಸರಳಿನ ಮೇಲೆ ವಾಲಿ, ಒಂದೇ ಕಡೆ ಉಜ್ಜಿ ಬೇಗನೆ ಸವೆಯುತ್ತದೆ. ವಿಸ್ತಾರದಲ್ಲಿ ಅಸಮ, ತೂಕದಲ್ಲಿ ಸಮ. ಈ ಎರಡನ್ನೂ ಒಟ್ಟಿಗೆ ಸಾಧಿಸಲು ಬಾಲವನ್ನು ತೆಳುವಾಗಿ ಅಗಲವಾಗಿ ಕತ್ತರಿಸಿ, ಎದೆಯೊಳಗೆ ಸೀಸದ ತುಂಡನ್ನು ಕೂರಿಸುತ್ತಾರೆ.

ಹುಂಜಕ್ಕೆ ಅಂದವನ್ನು ಕೊಡುವ ಆ ನೀಳವಾದ ಬಾಲದ ಗರಿಗಳೇ ಅದರ ಕಾರ್ಯವನ್ನೂ ನಡೆಸುತ್ತವೆ. ಗರಿಗಳ ನಡುವಣ ಸಂದುಗಳನ್ನು ಅಲಂಕಾರದ ಆಸೆಯಿಂದ ಹೆಚ್ಚು ಕೊರೆದರೆ ಗಾಳಿ ತಾಗುವ ಮೈ ಕಡಿಮೆಯಾಗಿ ಹುಂಜ ಜಡವಾಗುತ್ತದೆ. ಕೊರೆಯದೆಯೇ ಬಿಟ್ಟರೆ ಅದು ಹುಂಜದಂತೆ ತೋರದು. ಕತ್ತರಿಸುವವನ ಕೈ ಇವೆರಡರ ಮಧ್ಯದ ದಾರಿಯನ್ನು ಹಿಡಿಯಬೇಕು. ಇನ್ನು ಸರಳಿನ ತುದಿ ಮತ್ತು ಹುಂಜದೊಳಗಿನ ಕೊಳವೆ. ತಾಮ್ರವೂ ಕಬ್ಬಿಣವೂ ಮಳೆನೀರಿನಲ್ಲಿ ಒಂದನ್ನೊಂದು ತಾಗಿಕೊಂಡಿದ್ದರೆ ಕಬ್ಬಿಣವು ಬೇಗ ತುಕ್ಕು ಹಿಡಿದು ಕರಗುತ್ತದೆ. ಅದನ್ನು ಬಲ್ಲ ಕೆಲಸಗಾರನು ನಡುವೆ ಬೇರೆ ವಸ್ತುವಿನ ಪದರವನ್ನಿಟ್ಟು, ಗಟ್ಟಿಯಾದ ಮೊನೆಯ ಮೇಲೆ ಹುಂಜದ ಭಾರವೆಲ್ಲ ನಿಲ್ಲುವಂತೆ ಮಾಡುತ್ತಾನೆ. ಇಂಗ್ಲೆಂಡಿನ ಆಟರಿ ಸೇಂಟ್ ಮೇರಿ ಎಂಬ ಊರಿನ ಹಳೆಯ ಹುಂಜದ ದೇಹದಲ್ಲಿ ಎರಡು ಕೊಳವೆಗಳಿದ್ದು, ಬಿರುಗಾಳಿಗೆ ಅದು ನರಳುವಂತೆ ದನಿ ಮಾಡುತ್ತಿದ್ದುದುಂಟು.

ಯಾರಾದರೂ ಚಂಚಲಚಿತ್ತನಾದರೆ ಅವನನ್ನು ಗಾಳಿಹುಂಜಕ್ಕೆ ಹೋಲಿಸುವುದು ಯೂರೋಪಿನ ಭಾಷೆಗಳಲ್ಲಿ ರೂಢಿಯಾಗಿದೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ನಮ್ಮ ಗಾದೆ. ಆದರೆ ಮೇಲೆ ಹೇಳಿದ ರಚನೆಯನ್ನು ತಿಳಿದವನಿಗೆ ಆ ಹೋಲಿಕೆ ಅನ್ಯಾಯವೆನಿಸದಿರದು. ಗಾಳಿಯೊಡನೆ ಹೋಗುವುದು ಎಲೆ, ಧೂಳು, ಹೊಟ್ಟು. ಹುಂಜವು ಎಂದೂ ಗಾಳಿಗೆ ಬೆನ್ನು ತೋರಿಸದು. ಎಲ್ಲಿಂದ ಬೀಸಿದರೂ ಅದರತ್ತ ಮುಖಮಾಡಿ ತನ್ನ ನೆಲೆಯಲ್ಲಿಯೇ ನಿಲ್ಲುತ್ತದೆ. ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಮಾಂದ್ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ದುರಾಂದುಸರು ದೇವಾಲಯದ ಒಂದೊಂದು ಅಂಗಕ್ಕೂ ಅರ್ಥ ಹೇಳಿದ ತಮ್ಮ ಗ್ರಂಥದಲ್ಲಿ ಈ ಮರ್ಮವನ್ನು ಹಿಡಿದಿದ್ದಾರೆ. ಹುಂಜವು ಬೋಧಕನ ಸಂಕೇತ. ಗಾಳಿಗೆ ಎದುರಾಗುವಂತೆ ಆತನು ಎದುರಾಳಿಗಳಿಗೆ ಮುಖಗೊಡಬೇಕು. ಹುಂಜ ಕೂತಿರುವ ಸರಳಿನಂತೆ ಆತನ ಮಾತು ನೇರವಾಗಿರಬೇಕು ಎಂಬುದು ಅವರ ವಿವರಣೆಯ ಸಾರ. ಗುರುಗಳಾದ ನಮಗೆ ಇದು ಇಂದಿಗೂ ಸುಲಭದ ಪಾಠವಲ್ಲ.

ಬಾಸ್ಟನ್ನಿನ ಹುಂಜ ಮತ್ತು ಮಿಡತೆ

ಇದೇ ಆಕೃತಿಯನ್ನು ಮನುಷ್ಯರು ದ್ವೇಷಕ್ಕೂ ಬಳಸಿದ ಉದಾಹರಣೆಯುಂಟು. ಅಮೆರಿಕದ ಬಾಸ್ಟನ್ ನಗರದ ಪ್ರೊಟೆಸ್ಟಂಟ್ ಸಭೆಯೊಂದಕ್ಕೆ ಪೀಟರ್ ಥ್ಯಾಚರ್ ಎಂಬ ಬೋಧಕರನ್ನು ನೇಮಿಸಿಕೊಂಡಾಗ ಅದನ್ನು ಒಪ್ಪದ ಜನರು ಸಿಡಿದು ಹೋಗಿ ೧೭೨೧ರಲ್ಲಿ ಬೇರೊಂದು ದೇವಾಲಯವನ್ನು ಕಟ್ಟಿದರು. ಪೀಟರ್ ಎಂದರೆ ಪೇತ್ರ. ಆ ಹೆಸರನ್ನು ಅಣಕಿಸುವುದಕ್ಕಾಗಿಯೇ ಅವರು ಹೊಸ ಗೋಪುರದ ಮೇಲೆ ಹುಂಜವನ್ನಿರಿಸಿದರೆಂದೂ, ಅದನ್ನು ನಿಲ್ಲಿಸಿದ ದಿನ ಒಬ್ಬನು ಅದರ ಮೇಲೇರಿ ಕುಳಿತು ಹಳೆಯ ಸಭೆಯ ಕಡೆಗೆ ಮುಖಮಾಡಿ ಮೂರು ಸಲ ಕೋಳಿಯಂತೆ ಕೂಗಿದನೆಂದೂ ಪರಂಪರೆಯಾಗಿ ಹೇಳುತ್ತ ಬಂದಿದ್ದಾರೆ. ಪೇತ್ರರ ಪಶ್ಚಾತ್ತಾಪವನ್ನು ನೆನಪಿಸಬೇಕಾಗಿದ್ದ ಪಕ್ಷಿ ನೆರೆಯವನ ಅವಮಾನಕ್ಕೆ ಉಪಕರಣವಾಯಿತು. ಕಾಲಾಂತರದಲ್ಲಿ ಆ ಜಗಳವಾಡಿದವರೆಲ್ಲ ಮಣ್ಣುಗೂಡಿದರು, ಆ ಕಟ್ಟಡವೂ ಹೋಯಿತು. ಐದು ಅಡಿಗೂ ಎತ್ತರವಾದ ಆ ಹುಂಜ ಮಾತ್ರ ೧೮೭೩ರಲ್ಲಿ ನೆರೆಯ ಕೇಂಬ್ರಿಜ್ ಪಟ್ಟಣದ ದೇವಾಲಯದ ಮೇಲೇರಿ, ಪಕ್ಷಭೇದವಿಲ್ಲದೆ ಎಲ್ಲರಿಗೂ ಗಾಳಿಯನ್ನು ತೋರಿಸಿತು. ಮಾಡಿಸಿದವರ ಉದ್ದೇಶ ಕೆಟ್ಟದಾಗಿದ್ದರೂ ಮಾಡಿದವನ ಕೆಲಸ ಒಳ್ಳೆಯದಾಗಿದ್ದುದರಿಂದ ಅದು ಉಳಿಯಿತು.

ಅದನ್ನು ಮಾಡಿದವನ ಹೆಸರು ಈ ಸಲ ನಮಗೆ ತಿಳಿದಿದೆ. ಆತನು ಶೆಮ್ ಡ್ರೌನ್ ಎಂಬ ತಾಮ್ರಗಾರ; ತನ್ನ ಸಭೆಯಲ್ಲಿ ಡೀಕನ್ ಪದವಿಯಲ್ಲಿದ್ದವನು. ಅದೇ ನಗರದ ಫ್ಯಾನುಯಲ್ ಭವನದ ಮೇಲಿರುವ ಗಾಜಿನ ಕಣ್ಣುಗಳ ತಾಮ್ರದ ಮಿಡತೆಯನ್ನೂ ೧೭೪೨ರಲ್ಲಿ ಆತನೇ ಮಾಡಿದನು. ೧೭೫೫ರ ಭೂಕಂಪದಲ್ಲಿ ಮಿಡತೆ ಕೆಳಗೆ ಬಿತ್ತು. ಆಮೇಲೆ ಬೆಂಕಿಗೂ ಸಿಕ್ಕಿ ಜಜ್ಜಿಹೋಯಿತು. ಮಗನಾದ ಥಾಮಸ್ ಡ್ರೌನ್ ಅದನ್ನು ಸರಿಪಡಿಸಿ, ೧೭೬೮ರಲ್ಲಿ ಒಂದು ಚೀಟಿಯನ್ನು ಬರೆದು ಅದರ ಟೊಳ್ಳು ಹೊಟ್ಟೆಯೊಳಗಿಟ್ಟನು. ಮಿಡತೆಯೇ ಮಾತನಾಡುವಂತೆ ಬರೆದ ಆ ಚೀಟಿಯಲ್ಲಿ, ತನ್ನನ್ನು ಮಾಡಿದ ಹಳೆಯ ಯಜಮಾನನ ಹೆಸರೂ, ಬಿದ್ದ ವೃತ್ತಾಂತವೂ, ಮೂಳೆ ಕೂಡಿಸಿದ ಮಗನ ಹೆಸರೂ ಇವೆ. ಜನಸಾಮಾನ್ಯರು ಎಂದೂ ಓದಲಾಗದ ಸ್ಥಳದಲ್ಲಿ ಮಗನು ತಂದೆಯ ಹೆಸರನ್ನು ಜೋಪಾನವಾಗಿರಿಸಿದನು.

ಪ್ಯಾರಿಸ್ಸಿನ ಹುಂಜ

ಟೊಳ್ಳು ಹೊಟ್ಟೆಯ ಈ ಪ್ರಯೋಜನದ ಅತ್ಯಂತ ಮನಮುಟ್ಟುವ ನಿದರ್ಶನ ಪ್ಯಾರಿಸ್ಸಿನ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ ಲ ದ್ಯೂಕ್ ಅದಕ್ಕೆ ಓಕ್ ಮರದಿಂದ, ಸೀಸದ ಹೊದಿಕೆಯೊಡನೆ, ನೆಲದಿಂದ ೯೬ ಮೀಟರ್ ಎತ್ತರಕ್ಕೇರುವ ಮೊನಚು ಶಿಖರವನ್ನು ನಿರ್ಮಿಸಿದನು. ಅದರ ತುದಿಯಲ್ಲಿ ತಾಮ್ರದ ಹುಂಜವಿತ್ತು. ೧೯೩೫ರಲ್ಲಿ ಕಾರ್ಡಿನಲ್ ವೆರ್ದಿಯೆ ಅವರು ಅದರೊಳಗೆ ಮೂರು ಪವಿತ್ರ ಅವಶೇಷಗಳನ್ನಿರಿಸಿದರು: ಪ್ರಭುವಿನ ಮುಳ್ಳಿನ ಕಿರೀಟದ ಒಂದು ತುಣುಕು, ಸಂತ ದೆನಿಸರ ಹಾಗೂ ಪ್ಯಾರಿಸ್ಸಿನ ಪಾಲಕಿಯಾದ ಸಂತ ಜೆನೆವಿಯೆವರ ಅವಶೇಷಗಳು. ಇಡೀ ಊರಿನ ರಕ್ಷಣೆಗಾಗಿ ಹುಂಜವು ಆಕಾಶದಲ್ಲಿ ನಿಂತ ಕರಂಡಕವಾಯಿತು.

೨೦೧೯ರ ಏಪ್ರಿಲ್ ೧೫ರ ಸಂಜೆ ಪ್ರಧಾನಾಲಯದ ಮಾಡಿಗೆ ಬೆಂಕಿ ಬಿದ್ದು, ಶಿಖರವು ಉರಿಯುತ್ತಲೇ ಮುರಿದು ಬಿದ್ದುದನ್ನು ಲೋಕವೆಲ್ಲ ನೋಡಿತು. ಹುಂಜ ಕರಗಿಹೋಯಿತೆಂದೇ ಎಲ್ಲರೂ ಭಾವಿಸಿದರು. ಮಾರನೆಯ ದಿನ ಅವಶೇಷಗಳ ರಾಶಿಯ ನಡುವೆ ಅದು ಸಿಕ್ಕಿತು. ಜಜ್ಜಿ, ನುಗ್ಗಾಗಿ, ಮತ್ತೆ ತಿರುಗಲಾರದ ಸ್ಥಿತಿಯಲ್ಲಿ. ಆದರೆ ಅದರ ಮಡಿಲಿನಲ್ಲಿದ್ದುದು ಸುರಕ್ಷಿತವಾಗಿತ್ತು.

ಪುನರ್ನಿರ್ಮಾಣದ ಮುಖ್ಯ ವಾಸ್ತುಶಿಲ್ಪಿಯಾದ ಫಿಲಿಪ್ ವಿಲ್‌ನವ್ ಹೊಸ ಹುಂಜವನ್ನು ಸ್ವತಃ ರೂಪಿಸಿದರು. ಅದರ ರೆಕ್ಕೆಗಳ ಹೊರಗೆರೆ ಜ್ವಾಲೆಯಂತಿದೆ. ದೇವಾಲಯವನ್ನು ಸುಟ್ಟ ಬೆಂಕಿಯನ್ನೇ ಮತ್ತೆ ಹುಟ್ಟಿದ ಪಕ್ಷಿಯ ರೆಕ್ಕೆಯಾಗಿ ಕತ್ತರಿಸಿದುದು ಅರ್ಥಗರ್ಭಿತವಾಗಿದೆ. ೨೦೨೩ರ ಡಿಸೆಂಬರ್ ೧೬ರಂದು ಪ್ಯಾರಿಸ್ಸಿನ ಮಹಾಧರ್ಮಾಧ್ಯಕ್ಷರಾದ ಲೊರಾನ್ ಉಲ್ರಿಚ್ ಅವರು ಅದನ್ನು ಆಶೀರ್ವದಿಸಿದ ಮೇಲೆ ಯಂತ್ರದ ನೆರವಿನಿಂದ ಶಿಖರದ ತುದಿಗೇರಿಸಲಾಯಿತು. ಹಳೆಯ ಹುಂಜದಲ್ಲಿದ್ದ ಪವಿತ್ರ ಅವಶೇಷಗಳನ್ನು ಹೊಸದರೊಳಗಿರಿಸಿದರು. ಅವುಗಳ ಜೊತೆಗೆ ಇನ್ನೊಂದು ವಸ್ತುವನ್ನೂ ಇರಿಸಿದರು. ಪುನರ್ನಿರ್ಮಾಣದಲ್ಲಿ ದುಡಿದ ಸುಮಾರು ೨೦೦೦ ಮಂದಿಯ ಹೆಸರುಗಳ ಪಟ್ಟಿಯೇ ಅದು. ಬಡಗಿಗಳು, ಕಲ್ಲುಕುಟಿಗರು, ಸೀಸದ ಕೆಲಸದವರು, ಕಮ್ಮಾರರು, ಸಾರುವೆ ಕಟ್ಟಿದವರು ಎಲ್ಲರೂ ಅದರಲ್ಲಿದ್ದಾರೆ. ೨೦೨೪ರ ಡಿಸೆಂಬರ್ ೭ ಮತ್ತು ೮ರಂದು ಪ್ರಧಾನಾಲಯವು ಮತ್ತೆ ತೆರೆಯಲ್ಪಟ್ಟಿತು.

ಬಾಯೊ ಪಟದ ಹೆಸರಿಲ್ಲದ ಆಳಿನಿಂದ ಈ ಹೆಸರುಗಳ ಪಟ್ಟಿಯವರೆಗೆ ಚರಿತ್ರೆ ನಡೆದುಬಂದ ದಾರಿ ದೀರ್ಘವಾದುದು. ಸಂತರ ಅವಶೇಷಗಳ ಪಕ್ಕದಲ್ಲಿ ಕೂಲಿಕಾರನ ಹೆಸರನ್ನಿರಿಸಲು ಕ್ರೈಸ್ತ ಸಮುದಾಯಕ್ಕೆ ಇಷ್ಟು ಶತಮಾನಗಳು ಬೇಕಾದವೆಂಬುದು ನಮ್ಮನ್ನು ಚಿಂತನೆಗೆ ಹಚ್ಚಬೇಕು. ಪ್ರಭು ಯೇಸುಕ್ರಿಸ್ತರೇ ಬಡಗಿಯೆಂದು ಕರೆಯಿಸಿಕೊಂಡವರಲ್ಲವೇ? ಗೋಪ್ಯದಲ್ಲಿ ಕಾಣುವ ತಂದೆಯಿಂದಲೇ ಪ್ರತಿಫಲವೆಂದು ಅವರು ಬೋಧಿಸಿದ್ದು ನಿಜ. ತಾಮ್ರಗಾರನು ಯಾರ ಕಣ್ಣಿಗೂ ಬೀಳದ ಅಂಚನ್ನು ಅರದಿಂದ ಉಜ್ಜಿದ್ದು ಆ ನಂಬಿಕೆಯಿಂದಲೇ ಇರಬಹುದು. ಆದರೆ ದೇವರು ಬಲ್ಲನೆಂಬುದು ನಾವು ಮರೆಯುವುದಕ್ಕೆ ಅನುಮತಿಯಾಗದು.

ಇಂಥ ಪಟ್ಟಿಯೊಂದನ್ನು ಸಿದ್ಧಪಡಿಸುವುದಕ್ಕೆ ಪ್ಯಾರಿಸ್ಸಿನಂಥ ಪ್ರಧಾನಾಲಯವೇ ಬೇಕಾಗಿಲ್ಲ. ನೂರು ವರ್ಷ ತುಂಬಿದ ಯಾವುದೇ ಧರ್ಮಕೇಂದ್ರದಲ್ಲಿ, ತಮ್ಮ ಅಜ್ಜ ಮುತ್ತಜ್ಜಂದಿರು ಗೋಡೆಗೆ ಕಲ್ಲು ಹೊತ್ತುದನ್ನು, ಗಂಟೆಯ ತೊಲೆಯನ್ನು ಕೊಯ್ದುದನ್ನು, ಬಾಗಿಲ ಚಿಲಕವನ್ನು ಬಡಿದುದನ್ನು ಕೇಳಿ ಬಲ್ಲ ಹಿರಿಯರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಆ ಕೆಲಸಗಾರರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆಂಬುದನ್ನು ಮರೆಯಬಾರದು. ಆ ಹಿರಿಯರ ನೆನಪು ಮಾಸುವ ಮುನ್ನ ಅವರ ಬಾಯಿಂದ ಹೆಸರುಗಳನ್ನು ಕೇಳಿ ಬರೆದು, ದೇವಾಲಯದ ದಾಖಲೆಪುಸ್ತಕದಲ್ಲಿ ಸೇರಿಸಿ, ಪ್ರತಿಷ್ಠಾಪನೆಯ ವಾರ್ಷಿಕ ಬಲಿಪೂಜೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿದರೆ, ಎರಡನೆಯ ಶತಮಾನಕ್ಕೆ ಕಾಲಿಡುವ ದೇವಾಲಯಕ್ಕೆ ಅದಕ್ಕಿಂತ ಯೋಗ್ಯವಾದ ಆರಂಭ ಬೇರಿಲ್ಲ.